ಖಾರ ತಾಗದ ಬುತ್ತಿ

ಪುಳಿಯೋಗರೆ ಗೊಜ್ಜು ಕುದಿಯುವ ವಾಸನೆ ಬಂದರೆ ಇಂದಿಗೂ ಸಿಂಗಾಪುರದ ಸೆರಂಗೂನಿನ ನಮ್ಮ ಹಳೆಯ ಫ್ಲ್ಯಾಟಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ನೆಲದ ಮೇಲೆ ಮಲೇಷ್ಯಾದ ಮ್ಯಾಪ್ ಹರಡಿಕೊಂಡು, ಬಾಸ್ ಮೀನು ಹಿಡಿಯಲು ಸಂಜೆ ಕಾರಿನಲ್ಲಿ ಹೊರಡುವ ಪ್ಲಾನ್ ಹಾಕುತ್ತಿದ್ದರು. ಖರ್ಚು ಉಳಿಸಲು ಹೋಟೆಲ್ ಊಟವಿಲ್ಲ, ಮನೆಯದೇ ಬುತ್ತಿ. ಮೈಸೂರಿನಿಂದ ಬಂದಿದ್ದ ಅಜ್ಜಿ ಮುಖ ಬಿಗಿದುಕೊಂಡು ಗೊಜ್ಜು ಕೈಯಾಡಿಸುತ್ತಿದ್ದರು.

“ನಾವು ಮೀನು ತಿನ್ನೋರಲ್ಲ. ಹಿಡಿದು ಏನೋ ಮಾಡ್ತೀಯ?”

“ರಿಲೀಸ್ ಮಾಡ್ತೀವಮ್ಮ. ವಾಪಸ್ ನೀರಿಗೇ ಬಿಟ್ಬಿಡ್ತೀವಿ.”

“ಗಾಳ ಚುಚ್ಚಿ, ಬರೀ ಹೊಟ್ಟೇಲಿ ಕಳಿಸ್ತೀಯಾ?”

ಅಪ್ಪ ಮ್ಯಾಪ್ ಮಡಚಿ ಎದ್ದರು.

ಗೊಜ್ಜು ಕಲಸುವ ಮೊದಲು ಅಜ್ಜಿ, ಆರಲು ಹರಡಿದ್ದ ಅನ್ನದಿಂದ ಒಂದು ಹಿಡಿ ತೆಗೆದು ಪುಟ್ಟ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟರು.

“ಇದು ಮೀನಿಗೆ ಕಣೇ. ಖಾರ ತಾಗಿಸ್ಬೇಡ, ಬಾಯಿ ಗಾಯ ಆಗಿರತ್ತೆ.”