ಹತ್ತು ಜನರ ತಪ್ಪು

"ನಾಳೆ ಕೈ ಎತ್ತು, ರಾದೊವಾನ್‌ನ ಓಡಿಸು. ಇದ್ರಲ್ಲಿ ಯೋಚನೆ ಮಾಡೋಕೆ ಏನಿದೆ ಮಾರಾಯ?" ಎಂದು ಕಟುಕ ಸ್ತಾನ್ಕೊ ಮೂರನೇ ಸಲ ಹೇಳಿದ. ಬಾಯಿ ತುಂಬ ವೆಲಿಮಿರ್‌ನ ಮನೆಯ ಹಂದಿಮಾಂಸವಿತ್ತು.

ವೆಲಿಮಿರ್‌ಗೆ ಯೋಚನೆ ಬಿಟ್ಟು ಬೇರೇನೂ ಇರಲಿಲ್ಲ. ನಮ್ಮೂರ ಫುಟ್‌ಬಾಲ್ ಕ್ಲಬ್ಬು ಮೂರು ಪಂದ್ಯಗಳಲ್ಲಿ ಹನ್ನೊಂದು ಗೋಲು ತಿಂದಿತ್ತು. ಕೋಚ್ ರಾದೊವಾನ್ ಇರಬೇಕೋ ಹೋಗಬೇಕೋ ಎಂದು ನಾಳೆ ಸಮಿತಿ ತೀರ್ಮಾನಿಸಬೇಕು. ಇಬ್ಬರು ಇರಲಿ ಎನ್ನುತ್ತಾರೆ, ಇಬ್ಬರು ಹೋಗಲಿ ಎನ್ನುತ್ತಾರೆ, ಐದನೆಯವನು ವೆಲಿಮಿರ್. ಎರಡು ವರ್ಷದ ಹಿಂದೆ ರಾದೊವಾನ್‌ನನ್ನು ಹೆಂಡತಿ ಮಕ್ಕಳ ಸಮೇತ ಈ ಊರಿಗೆ ಕರೆತಂದವನೂ ಇವನೇ. ಈಗ ತಾನೇ ಅವನ ಕೆಲಸ ಕಳೆಯುವುದು ಹೇಗೆ, ಕಳೆಯದೆ ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ ಎಂದು ವಾರದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಸಾಲದ್ದಕ್ಕೆ ಇವತ್ತು ಅವನ ಮನೆದೇವರ ಹಬ್ಬ, ಸಂತ ದಿಮಿತ್ರಿಯ ದಿನ. ಈ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ನೆನಪಿದ್ದವರು ಬರುತ್ತಾರೆ, ಬಂದವರಿಗೆ ಬಡಿಸುತ್ತಾ ಯಜಮಾನ ದಿನವಿಡೀ ನಿಂತೇ ಇರಬೇಕು. ಬಂದವರೂ ಅಷ್ಟೇ, ಮೇಜಿನ ಮೇಲೆ ಹಬ್ಬದ ಮೇಣದಬತ್ತಿ ಉರಿಯುತ್ತಿರುವಾಗ ಆ ಮನೆಯವರ ಬಗ್ಗೆ ಒಂದು ಕಹಿ ಮಾತು ಆಡಬಾರದು. ಬೇರೆಯವರ ಬಗ್ಗೆ ಎಷ್ಟು ಬೇಕಾದರೂ ಆಡಬಹುದು, ಆಡುತ್ತಿದ್ದರು.

"ನಮ್ಮ ಬಲಗಡೆ ಆಡೋ ಹುಡುಗನ್ನ ನೋಡು, ದನದ ಕೊಟ್ಟಿಗೆ ಬಾಗಿಲು ತೆಗೆದಿಟ್ಟ ಹಾಗೆ. ಯಾರು ಬೇಕಾದ್ರೂ ನುಗ್ಗಬಹುದು. ಅವನನ್ನ ಆಡಿಸಿದ್ದು ಯಾರು? ಕೋಚ್ ತಾನೆ?" ಎಂದ ಸ್ತಾನ್ಕೊ.

"ಕೋಚ್ ಏನ್ಮಾಡ್ತಾನೆ ಪಾಪ," ಎಂದಳು ಅಂಚೆ ಹಂಚುವ ದೆಸಾಂಕಾ. "ಮಧ್ಯದಲ್ಲಿ ನಿಂತಿರೋ ಇಬ್ಬರು ಮುದುಕರನ್ನ ನೋಡಿದ್ಯಾ? ನಾನು ಸೈಕಲ್ ತಳ್ಕೊಂಡು ಹೋದ್ರೂ ಅವರನ್ನ ದಾಟ್ತೀನಿ."

"ಮತ್ತೆ ಆ ನಾಲ್ಕನೇ ಗೋಲು?" ಎಂದು ವೆಲಿಮಿರ್ ಕೇಳಿದ. "ಮೂವತ್ತು ಮೀಟರ್ ದೂರದಿಂದ ಚೆಂಡು ತೆವಳಿಕೊಂಡು ಬಂತಲ್ಲ?"

ಇಬ್ಬರೂ ತಟ್ಟೆಗೆ ಬಗ್ಗಿದರು. "ಅದು ಮುಂದೆ ಆಡೋರ ತಪ್ಪು," ಎಂದ ಸ್ತಾನ್ಕೊ. "ಹುಲ್ಲೂ ಒದ್ದೆಯಿತ್ತು," ಎಂದಳು ದೆಸಾಂಕಾ.

ಹಣ್ಣಿನ ಸಾರಾಯಿ ರಕಿಯಾ ಇನ್ನೊಂದು ಸುತ್ತು ಆಗುವ ಹೊತ್ತಿಗೆ ಸ್ತಾನ್ಕೊ ಕೋಚ್‌ನ ಪರ ವಾದಿಸುತ್ತಿದ್ದ, ದೆಸಾಂಕಾ ಅವನನ್ನು ಗಡಿಪಾರು ಮಾಡಿಸುತ್ತಿದ್ದಳು. ವೆಲಿಮಿರ್‌ನ ತಲೆ ಪೂರಾ ಕಲಸಿಹೋಯಿತು. ಇವರ ಮಾತು ನಂಬಿದರೆ ಎಲ್ಲ ಆಟಗಾರರೂ ಕೆಟ್ಟವರು. ಹಾಗಾದರೆ ತಪ್ಪು ಕೋಚ್‌ದೋ ಅಲ್ಲವೋ?

ಆಗಲೇ ಬಾಗಿಲು ಬಡಿದು ರಾದೊವಾನ್ ಒಳಗೆ ಬಂದ. ಎಲ್ಲರೂ ಎದ್ದು ನಿಂತರು. ಅವನು ಶಿಲುಬೆಯ ಗುರುತು ಮಾಡಿಕೊಂಡು, ಹಬ್ಬದ ಗೋಧಿಸಿಹಿ ಒಂದು ಚಮಚ ತಿಂದು, ಯಜಮಾನನ ಕೆನ್ನೆಗೆ ಪದ್ಧತಿಯ ಮೂರು ಮುತ್ತು ಕೊಟ್ಟ. ಅವನನ್ನು ಓಡಿಸಲು ಬೆಳಗಿನಿಂದ ಹೊರಟಿದ್ದ ಸ್ತಾನ್ಕೊನೇ ಕುರ್ಚಿ ಬಿಟ್ಟುಕೊಟ್ಟ.

"ನನ್ನ ವಿಷಯನೇ ತಾನೆ? ಮುಂದುವರಿಸಿ," ಎಂದ ರಾದೊವಾನ್. "ಬೀದಿ ತನಕ ಕೇಳಿಸ್ತಿತ್ತು."

ಮೊದಲು ಎಲ್ಲರೂ ಹವಾಮಾನದ ಮಾತಾಡಿದರು. ಆಮೇಲೆ ಸ್ತಾನ್ಕೊಗೆ ತಡೆಯಲಾಗಲಿಲ್ಲ. "ಗುರುಗಳೇ, ಆ ಬಲಗಡೆ ಹುಡುಗ..." ಎಂದ. "ನನ್ನ ತಪ್ಪು," ಎಂದ ರಾದೊವಾನ್. ಮಧ್ಯದ ಮುದುಕರು? ಅದೂ ತನ್ನದೇ. ಒದ್ದೆ ಹುಲ್ಲು? ಅದಕ್ಕೂ ತಲೆಯಾಡಿಸಿದ. ಬೈಯಲು ಬಂದವರಿಗೆ ಬೈಗುಳದ ರುಚಿಯೇ ಹೋಯಿತು.

ಅರ್ಧ ಗಂಟೆಯಲ್ಲಿ ಅವನು ಎದ್ದ. ಕಳಿಸಲು ಬಾಗಿಲವರೆಗೆ ಹೋದ ವೆಲಿಮಿರ್ ಅವನ ಕೋಟಿನ ತೋಳು ಹಿಡಿದುಕೊಂಡ.

"ರಾದೊವಾನ್, ನನಗೆ ಏನೂ ತಿಳೀತಿಲ್ಲ. ಎಲ್ಲಾ ನಿನ್ನ ತಪ್ಪೇ ಅಂದ್ರೆ ನಾಳೆ ನಾನು ಹೆಂಗೆ ನಿನ್ನ ಪರ ನಿಲ್ಲಲಿ?"

"ನಿಲ್ಲಬೇಡ, ಕೈ ಎತ್ತಿಬಿಡು. ಹೊಸಬ ಬರ್ತಾನೆ. ನನ್ನ ಕೈಲಿ ಆಗದ್ದು ಒಂದಿದೆ, ಅದನ್ನ ಅವನು ಮೊದಲ ವಾರವೇ ಮಾಡ್ತಾನೆ."

"ಏನದು?"

ರಾದೊವಾನ್ ಗುಂಡಿ ಹಾಕಿಕೊಂಡ. "ಈ ಊರಿಗೆ ನನ್ನನ್ನ ಕರ್ಕೊಂಡು ಬಂದವನು ನೀನು. ಅದರ ಮೇಲೆ ಇವತ್ತು ನಿನ್ನ ಮನೆ ಗೋಧಿ ತಿಂದಿದ್ದೀನಿ. ನನ್ನ ಬಾಯಲ್ಲಿ ಹೇಳಿಸಬೇಡ," ಎಂದು ಮೆಟ್ಟಿಲಿಳಿದ. ಬುಧವಾರದ ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲೇ ಬರಲು ಓಗ್ನೆನ್‌ಗೆ ತಿಳಿಸು ಎಂದು ಗೇಟಿನಿಂದ ಕೂಗಿದ. ಓಗ್ನೆನ್ ಎಂದರೆ ವೆಲಿಮಿರ್‌ನ ಒಬ್ಬನೇ ಮಗ. ಏಳು ವರ್ಷದಿಂದ ಕ್ಲಬ್ಬಿಗೆ ಅವನೇ ಗೋಲ್‌ಕೀಪರ್.

ವೆಲಿಮಿರ್ ಬಾಗಿಲಲ್ಲೇ ನಿಂತು, ಬೈಸಿಕೊಂಡ ಆಟಗಾರರನ್ನು ಎಣಿಸಲು ಬೆರಳು ಮಡಚಿದ. ಬಲಗಡೆಯವನು, ಎಡಗಡೆಯವನು, ಇಬ್ಬರು ಮುದುಕರು, ಮುಂದಿನವರು. ಎಷ್ಟು ಸಲ ಎಣಿಸಿದರೂ ಹತ್ತೇ ಬಂತು. ಬೆಳಗಿನಿಂದ ಹನ್ನೊಂದು ಗೋಲಿನ ಮಾತಾಡಿದ್ದರು, ಗೋಲಿನಲ್ಲಿ ನಿಂತವನ ಮಾತು ಯಾರೂ ಎತ್ತಿರಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಓಗ್ನೆನ್ ತಾಯಿ ಲುಬಿಂಕಾಳ ಜೊತೆ ಬ್ರೆಡ್ಡು ಕೊಯ್ಯುತ್ತಾ ನಗುತ್ತಿದ್ದ.

ವೆಲಿಮಿರ್ ಮೇಜಿನ ಹತ್ತಿರ ಬಂದ. ದಿನವಿಡೀ ಕೂರಬಾರದವನು ಖಾಲಿ ಕುರ್ಚಿ ಎಳೆದು ಕೂತೇಬಿಟ್ಟ. "ಬಲಗಡೆಯವನು ಸರಿಯಿಲ್ಲ ಅಂದ್ರಿ, ಮಧ್ಯದವರು ಸರಿಯಿಲ್ಲ ಅಂದ್ರಿ," ಎಂದ ಮೆಲ್ಲಗೆ. "ಗೋಲ್‌ಕೀಪರ್ ಹೇಗೆ?"

ದೆಸಾಂಕಾ ಮೇಣದಬತ್ತಿಯ ಕಡೆ ನೋಡಿದಳು. ಅದಿನ್ನೂ ಅರ್ಧವಿತ್ತು.

ಸ್ತಾನ್ಕೊ ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದ. "ಅತ್ತಿಗೆ, ಎಲೆಕೋಸಿನ ಸುರುಳಿ ಇನ್ನೆರಡು ಹಾಕಿ," ಎಂದ. "ಈ ವರ್ಷ ಬಹಳ ಚೆನ್ನಾಗಿ ಆಗಿದೆ."