ಬಡತನದ ತಾಲೀಮು

ಮಳೆ ಹಿಡಿದಿತ್ತು. ನಾಟಿ ಅರ್ಧಕ್ಕೇ ನಿಂತಿತ್ತು. ಗಂಡಸರು ಸಸಿಯ ಕಂತೆ ಬಿಟ್ಟು ಆರೋಗ್ಯ ಕೇಂದ್ರದ ಹೆರಿಗೆ ಮಂಚ, ಸೋಲಾರ್ ಫ್ರಿಜ್ಜು ಹೊತ್ತುಕೊಂಡು ಹೊಳೆಯ ಕಡೆ ಓಡುತ್ತಿದ್ದರು.

“ಮೆಲ್ಲಗೆ ಕಣ್ರೋ! ಹೆಣ ಹೊರ್ತಿದೀರಾ?” ಊರ ಮುಖ್ಯಸ್ಥ ಬುನ್‌ಥಾವಿ ಗದರಿದ.

ಸೂಲಗಿತ್ತಿ ವಿಯೆಂಗ್ ಬಾಗಿಲಿಗೆ ಅಡ್ಡ ನಿಂತಳು. “ಅಣ್ಣ, ನಿನ್ನ ಮಗಳಿಗೇ ದಿನ ತುಂಬಿದೆ. ಈಗ ನೋವು ಬಂದ್ರೆ ಎಲ್ಲಿ ಮಲಗಿಸ್ಲಿ, ನಿನ್ನ ತಲೆ ಮೇಲಾ?”

“ಅವಳಿಗೋಸ್ಕರಾನೇ ಇಷ್ಟೆಲ್ಲ. ಸರಿ ಆಚೆ.”

ನೆರವು ಕೊಡುವ ದೇಶಕ್ಕೇ ಈ ಸಲ ದುಡ್ಡಿನ ಬರ ಬಂದಿತ್ತಂತೆ. ಅಲ್ಲಿ ಬೆಲೆ ಏರಿದರೆ ಇಲ್ಲಿ ಲಾವೋಸಿನ ಮೂಲೆಯ ಬಾಣಂತಿಯ ಮಂಚ ಅಲುಗಾಡುವುದು ಹೊಸದೇನಲ್ಲ. ಪ್ರಾಂತದ ಅರ್ಧ ಕೇಂದ್ರಗಳನ್ನು ಮುಚ್ಚಲು, ಯಾವುದನ್ನು ಉಳಿಸಬೇಕೆಂದು ನೋಡಲು, ಮರುದಿನವೇ ಅಧಿಕಾರಿ ಬರುವವಳಿದ್ದಳು. ಬುನ್‌ಥಾವಿ ಹೆದರಲಿಲ್ಲ. ಏನೂ ಇಲ್ಲದವರನ್ನು ಕಂಡರೆ ಅಧಿಕಾರಿಗಳು ಕರಗುತ್ತಾರೆಂದು ಅವನಿಗೆ ಗೊತ್ತಿತ್ತು. ಆ ಮಂಚ, ಆ ಸೋಲಾರ್ ಫ್ರಿಜ್, ಎಲ್ಲವೂ ಅವನು ಅತ್ತು ಗಳಿಸಿದ್ದೇ.

ಹೊಳೆಯಾಚೆಯ ಊರಿನ ಮುಖ್ಯಸ್ಥ ಸೋಮ್‌ಚಿತ್ ದೋಣಿಯನ್ನು ದಡಕ್ಕೆಳೆದು ಸಾಮಾನು ಇಳಿಸಿಕೊಂಡ. “ನಮ್ಮ ಕೇಂದ್ರ ಹೋದ ವರ್ಷವೇ ಮುಚ್ಚಿದ್ರಲ್ಲ, ಖಾಲಿ ಬಿದ್ದಿದೆ. ಅಲ್ಲೇ ಇಡ್ತೀನಿ. ನಿಮ್ದು ನಮ್ದು ಅಂತ ಬೇರೆ ಇದೆಯಾ ಅಣ್ಣ?”

“ಇವನಿಗೆ ಸರಿಯಾಗಿ ಅಳೋಕೂ ಬರಲಿಲ್ಲ,” ಎಂದು ಬುನ್‌ಥಾವಿ ವಾಪಸು ಬರುವಾಗ ದೋಣಿಯಲ್ಲಿ ನಕ್ಕ.

ಮರುದಿನ ರಾಜಧಾನಿ ವಿಯೆಂಟಿಯಾನ್‌ನಿಂದ ಅಧಿಕಾರಿ ಮನಿಚನ್ ಬಂದಳು. ಬುನ್‌ಥಾವಿಯ ಮಗಳು ಲಟ್ಸಮಿ ಬರೀ ಚಾಪೆಯ ಮೇಲೆ ಮಲಗಿದ್ದಳು. ಅಪ್ಪ ಹೇಳಿಕೊಟ್ಟ ನರಳಾಟ ಮುಗಿಯುವಷ್ಟರಲ್ಲಿ ನಿಜವಾದದ್ದೇ ಶುರುವಾಯಿತು.

“ಮಂಚ ಕೊಟ್ಟಿದ್ವಲ್ಲ?”

“ಗೆದ್ದಲು ತಿಂತು, ಮೇಡಂ.”

“ಫ್ರಿಜ್ಜು?”

“ಕೆಟ್ಟು ವರ್ಷ ಆಯ್ತು. ಹೊಳೆಗೆ ಹಾಕಿದ್ವಿ.”

ವಿಯೆಂಗ್ ನೆಲ ನೋಡಿದಳು. ಮನಿಚನ್ ನಿಟ್ಟುಸಿರು ಬಿಟ್ಟಳು. “ಪಾಪ. ಮೊದಲಾಗಿದ್ರೆ ಇನ್ನೊಂದು ಕಳಿಸ್ತಿದ್ವಿ. ಈಗ ನೆರವು ಕೊಡೋ ದೇಶದ ಜನ ತೆರಿಗೆ ಕಟ್ಟೋಕೇ ಗೊಣಗ್ತಿದಾರೆ, ಕೊಟ್ಟಿದ್ದು ಏನಾಯ್ತು ಅಂತ ಕೇಳ್ತಾರೆ. ಬಡವರಿಗೆ ಮೊದಲು ಅನ್ನೋದು ಹೋಯ್ತು. ಕಾಪಾಡ್ಕೊಂಡೋರಿಗೆ ಮಾತ್ರ.”

ಬುನ್‌ಥಾವಿ ಒಂದು ಹೆಜ್ಜೆ ಮುಂದೆ ಬಂದ. “ಮೇಡಂ... ಹುಡುಕಿದ್ರೆ ಸಿಗಬಹುದು.”

“ಹೊಳೆಗೆ ಹಾಕಿದ್ದಾ?”

ಚಾಪೆಯ ಮೇಲೆ ಲಟ್ಸಮಿ ಕಿರುಚಿದಳು. ಮನಿಚನ್ ಗಾಬರಿಯಿಂದ ಅವನ ತೋಳು ಹಿಡಿದಳು.

“ಬೇಗ ಹೊಳೆ ದಾಟಿಸ್ರಿ! ಬರುವಾಗ ಆಚೆ ಊರಲ್ಲಿ ಮಳೆಗೆ ನಿಂತಿದ್ದೆ. ನಾವು ಮುಚ್ಚಿದ ಕೇಂದ್ರವನ್ನ ನಮ್ಮ ಒಂದು ಕಿಪ್ ದುಡ್ಡೂ ಇಲ್ದೆ ಎಷ್ಟು ಚೆನ್ನಾಗಿ ನಡೆಸ್ತಿದಾರೆ! ಮಂಚ, ಫ್ರಿಜ್ಜು, ಎಲ್ಲ ಹೊಸದರ ಹಾಗೇ ಇಟ್ಟಿದಾರೆ. ನಿಮ್ಮ ಪಾಲನ್ನೂ ಅವರಿಗೇ ಬರೆದುಬಿಡ್ತೀನಿ. ಹೊರಗಿನವರಿಗೆ ಶುಲ್ಕ ಸ್ವಲ್ಪ ಜಾಸ್ತಿ ಅಂದ್ರು ಸೋಮ್‌ಚಿತ್, ಆದ್ರೂ ಒಳ್ಳೆ ಮನುಷ್ಯ.”