ಮೂರನೆಯ ಕೊಳವೆಯ ನೀರು

ಮುಳುಗಿ ಸತ್ತವರ ಕೊನೆಯುಸಿರು ನೀರಲ್ಲೇ ಕರಗಿದ್ದು, ಗುಳ್ಳೆಯಾಗಿ ಎದ್ದು ಒಡೆಯುವಾಗ ಮಾತಾಡುವುದು ಆ ಇಂಜಿನಿಯರಿಂಗ್ ಕಾಲೇಜಿನವರಿಗೆ ಹೊಸದೇನಲ್ಲ. ನೀರು-ಗಾಳಿ ಹರಿವಿನ ಪ್ರಯೋಗಾಲಯದಲ್ಲಿ ಮೊದಲ ದಿನವೇ ಪ್ರೊಫೆಸರ್ ಶಾಲ್ಮಲಾ ಕಟಗೇರಿ ಗದರಿಸಿಬಿಡುತ್ತಿದ್ದರು: "ಗುಳ್ಳಿ ಅಗಲ ಬರೀರಿ, ವೇಗ ಬರೀರಿ. ಅದು ಆಡಿದ ಮಾತು ಬರೀಬ್ಯಾಡ್ರಿ. ಅದು ಬರೇ ಗದ್ದಲ."

ಆದರೆ ಮೂರನೆಯ ಗಾಜಿನ ಕೊಳವೆಯ ನೀರನ್ನು ಅವರು ಹನ್ನೊಂದು ವರ್ಷದಿಂದ ಬದಲಿಸಿರಲಿಲ್ಲ. ಅದು ಅವರ ಒಡಹುಟ್ಟಿದ ತಮ್ಮ ಸುಧೀಂದ್ರ ಮುಳುಗಿದ ಕೆರೆಯ ನೀರು. ಅಂದು ಬೆಳಿಗ್ಗೆ ಇಬ್ಬರೂ ಜಗಳವಾಡಿದ್ದರು. ಎರಡು ಮೂರು ವರ್ಷಕ್ಕೊಂದು ಗುಳ್ಳೆ ತಾನಾಗಿ ಎದ್ದು ಒಂದೊಂದೇ ಪದ ಬಿಡುತ್ತಿತ್ತು. ಇಲ್ಲಿಯವರೆಗೆ ಬಂದದ್ದು ಇಷ್ಟು: "ಅಕ್ಕಾ, ನಿನ್ನ ಮ್ಯಾಲ ನನಗ..."

ಆ ಮಂಗಳವಾರ ಕೊಳವೆ ಮುಟ್ಟಿದರೆ ಬೆಚ್ಚಗಿತ್ತು. ಮೂರನೇ ವರ್ಷದ ವಿದ್ಯಾರ್ಥಿನಿ ಭಾರತಿ ಹೂಗಾರ ರೆಕಾರ್ಡ್ ಪುಸ್ತಕ ಹಿಡಿದು ನಿಂತಿದ್ದಳು.

"ಕರಗಿದ ಗಾಳಿ ಉಳಿದ್ರ ಲೆಕ್ಕ ತಪ್ಪತೈತಿ ಅಂತ ಕೈಪಿಡಿಯಾಗ ಐತ್ರಿ ಮೇಡಂ. ಅದಕ್ಕ ಈ ನೀರು ಪೂರ್ತಿ ಕುದಿಸಿ, ಆರಿಸಿ ತುಂಬೀನಿ."

ಕೈಪಿಡಿ ಬರೆದವರು ಶಾಲ್ಮಲಾ ಅವರೇ.

"ಕುದಿಯೂವಾಗ ಏನರ ಅಂದಿತೇನು?"

"ಒಂದ ಪದ ಅಂದಿತ್ರಿ, ಗಂಡಸಿನ ದನಿ. ನಾ ಥರ್ಮಾಮೀಟರ್ ನೋಡಕೋತ ನಿಂತಿದ್ದೆ, ಕಿವಿಗೊಡಲಿಲ್ಲ. ಗದ್ದಲ ಅಂತ ನೀವೇ ಹೇಳಿದ್ರಲ್ರಿ."

ಶಾಲ್ಮಲಾ ರೆಕಾರ್ಡ್ ಪುಸ್ತಕ ತಿರುವಿದರು. ಒಂದು ತಪ್ಪೂ ಇರಲಿಲ್ಲ. ಬೆನ್ನ ಹಿಂದೆ ಮೂರನೆಯ ಕೊಳವೆಯಲ್ಲಿ ಪಂಪಿನ ಗುಳ್ಳೆಗಳು ಸಾಲಾಗಿ ಎದ್ದು, ಏನೂ ಅನ್ನದೆ ಒಡೆಯುತ್ತಿದ್ದವು. ಅವರು ಹತ್ತಕ್ಕೆ ಹತ್ತು ಹಾಕಿ ಸಹಿ ಮಾಡಿದರು.